ಹಿಮ ಬೀಳದ ಊರಿಗೆ ಹಿಮದ ಪಾಠ

ಎಳೆ ಸಸಿಗಳು ಹಿಮಕ್ಕೆ ಸಾಯದಿರಲಿ ಅಂತ ಚಳಿದೇಶಗಳಲ್ಲಿ ಅಬ್ಸಿಸಿಕ್ ಆಮ್ಲದಂಥ ಸಸ್ಯ ಹಾರ್ಮೋನು ಸಿಂಪಡಿಸಿ ಪ್ರಯೋಗ ಮಾಡಿದ್ದಾರೆ. ಸಿದ್ದರಬೆಟ್ಟದ ಸುತ್ತ ಹಿಮ ಎಲ್ಲಿ ಬೀಳುತ್ತೆ, ನಮಗ್ಯಾಕೆ ಇದು ಅಂತೀರಾ? ನಮಗೂ ಬೇಕು ಅನ್ನೋದು ನನ್ನ ವಾದ.

ಹಿಮದಲ್ಲಿ ಸಾಮಾನ್ಯವಾಗಿ ಜೀವಕೋಶಗಳ ನಡುವಿನ ನೀರು ಮೊದಲು ಹೆಪ್ಪುಗಟ್ಟುತ್ತೆ. ಆ ಮಂಜುಗಡ್ಡೆ ಕೋಶದೊಳಗಿನ ನೀರನ್ನೂ ಹೊರಗೆಳೆಯುತ್ತೆ. ಅಂದ್ರೆ ಸಸಿ ಒಳಗಿಂದ ಒಣಗುತ್ತೆ. ಮಧುಗಿರಿ, ಶಿರಾ, ಪಾವಗಡದಲ್ಲಿ ಮಳೆ ಕೈಕೊಟ್ಟಾಗ ರಾಗಿ, ಕಡಲೆಕಾಯಿ ಪೈರಿಗೂ ಇದೇ ಕಷ್ಟ. ಆಗ ಗಿಡ ತಾನೇ ಅಬ್ಸಿಸಿಕ್ ಆಮ್ಲ ತಯಾರಿಸಿಕೊಂಡು, ಎಲೆಯ ರಂಧ್ರ ಮುಚ್ಚಿ ನೀರು ಉಳಿಸುತ್ತೆ.

ಹಾಗಂತ ರೈತರು ದುಬಾರಿ ಬಾಟಲಿ ಕೊಳ್ಳಬೇಕಿಲ್ಲ. ರಾಗಿ ಬೀಜವನ್ನು ಕೆಲವು ಗಂಟೆ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತೋದನ್ನು ಕೃಷಿ ವಿಜ್ಞಾನಿಗಳೇ ಮಳೆಯಾಶ್ರಿತ ಹೊಲಗಳಿಗೆ ಹೇಳ್ತಾರೆ. ಬರ ತಡೆಯೋಕೆ ಬೀಜವನ್ನು ಮೊದಲೇ ಹದಗೊಳಿಸೋ ಉಪಾಯ ಇದು. ಖರ್ಚು ತೀರಾ ಕಡಿಮೆ.

ನಾವೋ, ಕೃಷಿ ಪ್ರಾಜೆಕ್ಟ್ ಅಂದ್ರೆ ಡ್ರೋನಿಂದಲೇ ಶುರು ಮಾಡ್ತೀವಿ. ಈ ಸಲ ಎರಡು ಕುಂಡದಿಂದ ಶುರು ಮಾಡೋಣ: ಒಂದರಲ್ಲಿ ಹದಗೊಳಿಸಿದ ಬೀಜ, ಇನ್ನೊಂದರಲ್ಲಿ ಹಾಗೇ ಬಿತ್ತಿದ ಬೀಜ. ಮೊಳೆತ ಮೇಲೆ ನೀರು ನಿಲ್ಲಿಸಿ, ಯಾವ ಸಸಿ ಎಷ್ಟು ದಿನ ತಡೆಯುತ್ತೆ ನೋಡೋಣ. ಮಣ್ಣಿನ ತೇವ ಅಳೆಯೋಕೆ ನಮ್ಮ ಸೆನ್ಸರಿಗೂ ಅಲ್ಲಿ ಕೆಲಸ ಇದೆ.