ಎರಡು ಗಂಟೆಗೊಮ್ಮೆ ಮಗ್ಗುಲು

ಮಾದಪ್ಪನ ಬೆಟ್ಟದ ಸೀಮೆಯಲ್ಲಿ ಮಾದಪ್ಪನ ಜನಪದ ಕಾವ್ಯದ ಸಂಕಮ್ಮನ ಸಾಲು ಕೇಳದೆ ಬೆಳೆದವರು ಕಡಿಮೆ. ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಹೆಂಡತಿಯಿಂದ ಭಾಷೆ ಕೇಳುತ್ತಾನೆ. ನೀನು ತಿರುಗಿ ಬರುವ ತನಕ ನೆಟ್ಟಗಿರುತ್ತೇನೆ ಎಂದು ಕೈಮೇಲೆ ಕೈಯಿಟ್ಟು ಹೇಳು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಾಳಿ ಕಟ್ಟಿಸಿಕೊಂಡವಳು ಮತ್ತೆ ಭಾಷೆ ಏಕೆ ಕೊಡಬೇಕು? ಅದಕ್ಕಾಗಿ ಅವಳು ಪಡಬಾರದ ಪಾಡು ಪಡುತ್ತಾಳೆ. ಕೊನೆಗೆ ಮಾದಪ್ಪ ಬಂದು ನಿಲ್ಲುವುದು ಅವಳ ಪಕ್ಕದಲ್ಲೇ.

ಆಟದಲ್ಲೋ ಅಪಘಾತದಲ್ಲೋ ಬಿದ್ದು ಏಳಲಾಗದ ಗಂಡನನ್ನು ನೋಡಿಕೊಳ್ಳುವ ಹೆಂಗಸಿನ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ಅವಳಿಂದ ಭಾಷೆ ಕೇಳುವವನು ಗಂಡನಲ್ಲ, ಊರು. ಇರುತ್ತಾಳೋ, ಹೋಗುತ್ತಾಳೋ? ಇದ್ದರೆ ಸತಿ ಸಾವಿತ್ರಿ, ಹೋದರೆ ನಾಲಿಗೆಗೆ ಬಂದ ಮಾತು. ನನ್ನ ಪ್ರಶ್ನೆ ಬೇರೆ. ಅವಳು ಮಾಡುತ್ತಿರುವುದನ್ನು ತ್ಯಾಗ ಎಂದು ಕರೆದ ಕೂಡಲೇ ನಾವು ಅವಳ ಋಣದಿಂದ ಪಾರಾದೆವೆಂದು ಏಕೆ ಅಂದುಕೊಳ್ಳುತ್ತೇವೆ?

ಜಗತ್ತಿಗೇ ಗೊತ್ತಿರುವ ಒಂದು ಸಂಸಾರವಿದೆ. ಫಾರ್ಮುಲಾ ಒನ್ ಕಾರು ಓಟದಲ್ಲಿ ಏಳು ಬಾರಿ ವಿಶ್ವ ಚಾಂಪಿಯನ್ ಆದ ಮೈಕೆಲ್ ಶುಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ ಮಗನ ಜೊತೆ ಹಿಮದ ಮೇಲೆ ಸ್ಕೀ ಮಾಡುತ್ತಿದ್ದಾಗ ಬಿದ್ದರು. ಹೆಲ್ಮೆಟ್ ಇದ್ದೂ ತಲೆ ಬಂಡೆಗೆ ಬಡಿಯಿತು. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗಕ್ಕೆ ಒಡ್ಡಿಕೊಂಡು ಉಳಿದಿದ್ದ ದೇಹ, ರಜೆಯ ದಿನದ ಒಂದು ಬಂಡೆಗೆ ಸಿಕ್ಕಿತು. ಗ್ರೆನೋಬಲ್‌ನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕೋಮಾ, ಆಮೇಲೆ ಸ್ವಿಟ್ಜರ್ಲೆಂಡಿನ ಲೊಸಾನ್, 2014ರ ಸೆಪ್ಟೆಂಬರ್‌ನಲ್ಲಿ ಮನೆ. ಅಲ್ಲಿಂದ ಈಚೆಗೆ ಹೊರಗಿನವರ ಕಣ್ಣಿಗೆ ಅವರು ಬಿದ್ದಿಲ್ಲ. ಹಾಗೆ ಬೀಳದಂತೆ ನೋಡಿಕೊಂಡವರು ಹೆಂಡತಿ ಕೊರಿನಾ.

ಕೊರಿನಾ 1995ರಲ್ಲಿ ಮೈಕೆಲ್‌ರನ್ನು ಮದುವೆಯಾದರು. ಸ್ವತಃ ಕುದುರೆ ಸವಾರಿಯಲ್ಲಿ ಹೆಸರು ಮಾಡಿದವರು. 2021ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಅವರು ಮಾತಾಡಿದ್ದು ಸ್ವಲ್ಪವೇ. ಇದಕ್ಕೆ ದೇವರನ್ನು ದೂರಿಲ್ಲ, ಕೆಟ್ಟ ಗಳಿಗೆ ಅಷ್ಟೆ. ಮೈಕೆಲ್ ನಮ್ಮನ್ನು ಕಾಪಾಡಿದರು, ಈಗ ನಾವು ಅವರನ್ನು ಕಾಪಾಡುತ್ತಿದ್ದೇವೆ ಎಂಬರ್ಥದ ಮಾತು. ಆ ಕಾಪಾಡುವಿಕೆ ಎಷ್ಟು ಗಟ್ಟಿ ದುಡಿಮೆ ಎಂಬುದು ಸುದ್ದಿಗಳಿಂದ ಗೊತ್ತಾಗುತ್ತದೆ. ಅಪಘಾತವಾಗಿ ಹತ್ತು ದಿನ ತುಂಬುವ ಮೊದಲೇ, ಆಸ್ಪತ್ರೆಯ ಬಾಗಿಲು ಬಿಟ್ಟು ಹೋಗಿ, ವೈದ್ಯರಿಗೆ ಕೆಲಸ ಮಾಡಲು ಬಿಡಿ ಎಂದು ಅವರು ಪತ್ರಕರ್ತರನ್ನು ಬೇಡಬೇಕಾಯಿತು. 2023ರಲ್ಲಿ ಜರ್ಮನಿಯ ಒಂದು ವಾರಪತ್ರಿಕೆ ಯಂತ್ರಬುದ್ಧಿಯಿಂದ ಕಟ್ಟಿದ ಮಾತುಗಳನ್ನು ಶುಮಾಕರ್ ಸಂದರ್ಶನವೆಂದು ಮುಖಪುಟದಲ್ಲಿ ಹಾಕಿತು. ಸಂಪಾದಕರ ಕೆಲಸ ಹೋಯಿತು, ಕುಟುಂಬಕ್ಕೆ 2 ಲಕ್ಷ ಯೂರೊ ಪರಿಹಾರ ಸಿಕ್ಕಿತು. 2025ರ ಫೆಬ್ರುವರಿಯಲ್ಲಿ ಜರ್ಮನಿಯ ಒಂದು ನ್ಯಾಯಾಲಯ ಮೂವರನ್ನು ಶಿಕ್ಷಿಸಿತು. ಅವರು ಮನೆಯ ಖಾಸಗಿ ಚಿತ್ರಗಳನ್ನು ಇಟ್ಟುಕೊಂಡು ಒಂದೂವರೆ ಕೋಟಿ ಯೂರೊ ಕೇಳಿದ್ದರು. ಅವರಲ್ಲೊಬ್ಬ ಆ ಮನೆಯಲ್ಲೇ ಕಾವಲಿಗಿದ್ದವನು.

ಇದು ಶ್ರೀಮಂತರ ಮನೆಯ ಕಥೆ, ನಮಗೇನು ಎನ್ನಬಹುದು. ಹನೂರು ತಾಲ್ಲೂಕಿನ ಹೂಗ್ಯಂನಂಥ ಕಾಡಂಚಿನ ಊರಿಗೆ ಇದನ್ನು ತಂದು ನೋಡೋಣ. ಹಬ್ಬಕ್ಕೆ ಕಬಡ್ಡಿ ಪಂದ್ಯ ಏರ್ಪಟ್ಟಿದೆ ಎಂದಿಟ್ಟುಕೊಳ್ಳಿ. ರೈಡ್‌ಗೆ ಹೋದ ಹುಡುಗನ ಮೇಲೆ ನಾಲ್ಕು ಜನ ಬೀಳುತ್ತಾರೆ, ಕತ್ತಿನ ಮೂಳೆ ಮುರಿಯುತ್ತದೆ. ಕೊಳ್ಳೇಗಾಲ, ಅಲ್ಲಿಂದ ಮೈಸೂರು, ಮೂರು ತಿಂಗಳು ಕಳೆದ ಮೇಲೆ ಮನೆ. ವೈದ್ಯರ ಕೆಲಸ ಅಲ್ಲಿಗೆ ಮುಗಿಯಿತು. ಹೆಂಡತಿಯ ಕೆಲಸ ಅಲ್ಲಿಂದ ಶುರು.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಎರಡು ಗಂಟೆಗೊಮ್ಮೆ ಅವನ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣು. ದಿನಕ್ಕೆ ಹನ್ನೆರಡು ಸಲ; ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಪ್ರತಿ ಸಲ ಬೆನ್ನಿನ ಕೆಳಗಿನ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ ಕೆಂಪಾಗಿದೆಯೇ ಎಂದು ದೀಪ ಹಿಡಿದು ನೋಡಬೇಕು. ಅವನಿಗೆ ನೋವು ತಿಳಿಯುವುದಿಲ್ಲ, ಆದ್ದರಿಂದ ಅವನ ಚರ್ಮಕ್ಕೆ ಅವಳೇ ಕಣ್ಣು. ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕು ಉಳಿದರೆ ಸಾಕು, ಬೆಳಗಾಗುವಷ್ಟರಲ್ಲಿ ಅಲ್ಲಿ ಬರೆ. ಮೂತ್ರದ ನಳಿಗೆ ಸ್ವಚ್ಛವಿರಬೇಕು, ಚೀಲದ ಬಣ್ಣ ನೋಡಬೇಕು. ಮಡಿಸಿದ ಕೈಕಾಲು ಬಿಗಿಯದಂತೆ ಒಂದೊಂದೇ ಕೀಲನ್ನು ಆಡಿಸಬೇಕು. ಅವಳ ಸೊಂಟ ಹಿಡಿದರೆ ಯಾರೂ ಕೇಳುವುದಿಲ್ಲ. ನಗರದಲ್ಲಿ ಇದೇ ಕೆಲಸಕ್ಕೆ ತರಬೇತಿ ಪಡೆದ ನರ್ಸ್ ಇರುತ್ತಾಳೆ, ಪಾಳಿ ಇರುತ್ತದೆ, ಸಂಬಳ ಇರುತ್ತದೆ. ಇಲ್ಲಿ ಅದಕ್ಕೆ ಹೆಂಡತಿ ಎಂಬ ಹೆಸರಷ್ಟೆ.

ನಡುವೆ ನೆಂಟರಿಷ್ಟರು ಬರುತ್ತಾರೆ. ಬಾಳೆಹಣ್ಣು ತಂದು, ‘ನೋಡ್ಕಂಡೋಗವ ಅಂತ ಬಂದೊ ಕನವ್ವಾ’ ಎಂದು ಹಾಸಿಗೆಯ ಸುತ್ತ ನಿಲ್ಲುತ್ತಾರೆ. ಅವನಿಗೆ ಕೇಳುತ್ತದೆ ಎಂಬುದನ್ನೂ ಮರೆತು ಗುರ್ತು ಸಿಕ್ಕಿದಾ, ಎಷ್ಟು ಖರ್ಚಾಯ್ತು, ಮೊದಲಿನಂಗಾಗ್ತನಾ ಎಂದು ಕೇಳುತ್ತಾರೆ. ಬಂದವರ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಕ್ಯಾಮೆರಾ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ನಿಂತವನಿಗೂ ಇವರಿಗೂ ಒಂದು ಸಮಾನ ಗುಣವಿದೆ: ಬಿದ್ದವನನ್ನು ಕಣ್ಣಾರೆ ಕಾಣುವ ಹಕ್ಕು ತಮಗಿದೆ ಎಂದು ಇಬ್ಬರೂ ನಂಬಿದ್ದಾರೆ. ಬಾಗಿಲು ಹಾಕಿಕೊಳ್ಳುವ ಧೈರ್ಯ ಕೊರಿನಾಗೆ ಇತ್ತು, ಹಾಕಿಕೊಳ್ಳಲು ಬಾಗಿಲೂ ಇತ್ತು. ಒಂದಂಕಣದ ಮನೆಯವಳು ಅದನ್ನು ಎಲ್ಲಿಂದ ತರುತ್ತಾಳೆ? ಗೌರವ ಎಂದರೆ ಗಂಡನ ದೇಹವನ್ನು ಪರರ ಕಣ್ಣಿನಿಂದ ಮರೆಮಾಡುವುದೂ ಹೌದು, ಆ ಮರೆಯೂ ಅವಳ ಕೆಲಸದ ಭಾಗವೇ.

ಪ್ರೀತಿಯನ್ನು ದುಡ್ಡಿನಲ್ಲಿ ಅಳೆಯಬೇಡಿ ಎಂದು ಕೆಲವರು ಹೇಳುವರು. ಪ್ರೀತಿಯನ್ನು ಯಾರೂ ಅಳೆಯುತ್ತಿಲ್ಲ. ಅಳೆಯಬೇಕಾದ್ದು ನಿದ್ದೆಗೆಟ್ಟ ರಾತ್ರಿಗಳನ್ನು, ಬಿಟ್ಟ ಕೂಲಿಯನ್ನು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಮಂದಿಯ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ 137 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 75 ನಿಮಿಷ. ಆರೈಕೆಯಲ್ಲಿ ತೊಡಗಿದವರೆಲ್ಲರ ಸರಾಸರಿ ಇದು. ಕತ್ತು ಮುರಿದವನ ಮನೆಯಲ್ಲಿ ನಿಮಿಷ ಎಣಿಸುವ ಮಾತೇ ಇಲ್ಲ. ಹೆಂಡತಿ ಬಿದ್ದು ಗಂಡ ಹೀಗೆ ನೋಡಿಕೊಂಡರೆ ಅವನನ್ನು ನಾವು ದೇವರಂಥ ಮನುಷ್ಯ ಎಂದು ಹೊಗಳುತ್ತೇವೆ. ಅವಳ ಪಾಲಿಗೆ ಅದೇ ಕೆಲಸ ಬರೀ ಕರ್ತವ್ಯ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆದಾರರು ಯಾರೆಂದು ಹೇಳುವಾಗ, ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರನ್ನೂ ಸೇರಿಸಿದೆ. ಹೆಚ್ಚು ಆಸರೆ ಬೇಕಾದವರಿಗೆ ಆರೈಕೆ ಭತ್ಯೆಯ ಮಾತನ್ನೂ ಅದೇ ಕಾಯ್ದೆ ಆಡುತ್ತದೆ, ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತಿನೊಂದಿಗೆ. ಕ್ರೀಡಾಪಟುಗಳ ಕೇಂದ್ರ ಕಲ್ಯಾಣ ನಿಧಿ ಇರುವುದು ಮುಖ್ಯವಾಗಿ ದೇಶಕ್ಕಾಗಿ ಆಡಿ ಹೆಸರು ಮಾಡಿದವರಿಗೆ. ಊರ ಹಬ್ಬದ ಪಂದ್ಯದಲ್ಲಿ ಬಿದ್ದವನು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ, ಅವನನ್ನು ಮಗ್ಗುಲು ಹೊರಳಿಸುವವಳಂತೂ ಇಲ್ಲವೇ ಇಲ್ಲ.

ಆಡಿಸುವವರಿಂದಲೇ ಶುರುವಾಗಲಿ ಎನ್ನುತ್ತೇನೆ. ಪಂದ್ಯಕ್ಕೆ ತಂಡದಿಂದ ಪ್ರವೇಶ ಶುಲ್ಕ ಪಡೆಯುತ್ತೇವೆ, ಗೆದ್ದವರಿಗೆ ಟ್ರೋಫಿ ಕೊಡುತ್ತೇವೆ, ಮೈಕಿನಲ್ಲಿ ದಾನಿಗಳ ಹೆಸರು ಕೂಗುತ್ತೇವೆ. ಆ ಶುಲ್ಕದಲ್ಲಿ ಆಟಗಾರರ ವಿಮೆಯ ಪಾಲು ತೆಗೆದಿಡದೆ ಸೀಟಿ ಊದಬಾರದು. ವಿಮೆ ಆಸ್ಪತ್ರೆಯ ಬಿಲ್ಲಿಗೆ ನಿಲ್ಲಬಾರದು. ಮನೆಗೆ ಬಂದ ಮೇಲಿನ ವರ್ಷಗಳಿಗೆ, ನೀರಿನ ಹಾಸಿಗೆಗೆ, ವಾರಕ್ಕೆ ಎರಡು ರಾತ್ರಿ ಅವಳ ಬದಲಿಗೆ ಎಚ್ಚರವಿರಬಲ್ಲ ಇನ್ನೊಬ್ಬರ ಕೂಲಿಗೂ ಆಗಬೇಕು. ಆ ಎರಡು ರಾತ್ರಿ ಅವಳು ಮಲಗಲಿ.