ವಿಜ್ಞಾನವೂ ನಮ್ಮ ಹೆಣ್ಣುಮಕ್ಕಳೂ

“ಎಂಟು ವರ್ಷ ಓದಿಯಾಯಿತು, ಇನ್ನೂ ಅದೇನೋ ಪೆಪ್ಟೈಡು ಎಂದು ಪ್ರಯೋಗಶಾಲೆಯಲ್ಲಿಯೇ ಕುಳಿತಿದ್ದಾಳೆ. ಇದು ಮುಗಿಯುವುದೆಂದಿಗೆ? ಇದರಿಂದ ಆಗುವುದೇನು?” ನಮ್ಮ ಶಾಲೆಯ ಹಿಂದಿನ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಈಚೆಗೆ ನನ್ನೊಡನೆ ಹೀಗೆಂದು ವ್ಯಥೆಪಟ್ಟರು. ಮಗಳ ಮೇಲಣ ಮಮತೆಯಿಂದಲೇ ಹುಟ್ಟಿದ ಈ ಪ್ರಶ್ನೆಯನ್ನು ಹಗುರವೆಂದು ತಳ್ಳಿಬಿಡುವುದು ಯುಕ್ತವಲ್ಲ. ಆದುದರಿಂದ ನನಗೆ ತೋರಿದ ಉತ್ತರವನ್ನು ಈ ಸಂಚಿಕೆಯ ವಾಚಕರ ಮುಂದಿಡುತ್ತೇನೆ.

ಪೆಪ್ಟೈಡೆಂದರೇನು? ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು, ದಾರದಲ್ಲಿ ಹೂವು ಕಟ್ಟಿದಂತೆ, ಒಂದಕ್ಕೊಂದು ಕೂಡಿ ಆದ ಮಾಲೆಯೇ ಪೆಪ್ಟೈಡು. ಯಾವುದರ ಪಕ್ಕದಲ್ಲಿ ಯಾವುದು ಎಂಬ ಕ್ರಮವೂ, ಮಾಲೆಯು ಮಡಿಸಿಕೊಳ್ಳುವ ಬಗೆಯೂ ಅದರ ಗುಣವನ್ನು ನಿರ್ಣಯಿಸುವುವು. ಸಿಹಿಮೂತ್ರರೋಗಿಗಳ ಪ್ರಾಣವನ್ನುಳಿಸುವ ಇನ್ಸುಲಿನ್ ಎಂಬುದು 21 ಮತ್ತು 30 ಘಟಕಗಳ ಇಂಥ ಎರಡು ಮಾಲೆಗಳಿಂದಾದ ವಸ್ತು. 1921 ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗರೂ ಬೆಸ್ಟರೂ ಅದನ್ನು ಹೊರತೆಗೆಯಲಾರಂಭಿಸಿದರು. ಮರುವರ್ಷದ ಜನವರಿಯಲ್ಲಿ, ಸಾವಿನ ಬಾಯಲ್ಲಿದ್ದ ಹದಿನಾಲ್ಕು ವರ್ಷದ ಬಾಲಕನೊಬ್ಬನು ಅದರಿಂದ ಚೇತರಿಸಿಕೊಂಡನು. ಆದರೆ ಆ ಮದ್ದಿನ ಒಳರಚನೆಯು ಆಗ ಯಾರಿಗೂ ತಿಳಿದಿರಲಿಲ್ಲ.

ಅದನ್ನು ತಿಳಿಯಹೊರಟವರಲ್ಲಿ ಇಂಗ್ಲೆಂಡಿನ ಡೊರೋತಿ ಹಾಡ್ಜ್‌ಕಿನ್ನರು ಅಗ್ರಗಣ್ಯರು. ಅವರು ಓದಿದ ಶಾಲೆಯಲ್ಲಿ ರಸಾಯನಶಾಸ್ತ್ರವು ಹುಡುಗರಿಗೆ ಮೀಸಲಾಗಿದ್ದಿತು. ಅವರಿಗೂ ಮತ್ತೊಬ್ಬ ಹುಡುಗಿಗೂ ಮಾತ್ರ ವಿಶೇಷವಾಗಿ ಅನುಮತಿಯಿತ್ತರು. ಹದಿನಾರನೆಯ ಹುಟ್ಟುಹಬ್ಬಕ್ಕೆ ತಾಯಿಯು ಕೊಟ್ಟ ಪುಸ್ತಕದಲ್ಲಿ, ಕ್ಷ-ಕಿರಣಗಳ ಸಹಾಯದಿಂದ ಸ್ಫಟಿಕಗಳೊಳಗಿನ ಪರಮಾಣುಗಳ ಜೋಡಣೆಯನ್ನು ಅರಿಯುವ ವಿಷಯವಿದ್ದಿತು. ಹುಡುಗಿಯ ಬಾಳಿನ ದಾರಿಯು ಅಲ್ಲಿಯೇ ಗೊತ್ತಾಯಿತೆನ್ನಬಹುದು.

1935 ರಲ್ಲಿ ಅವರು ಆಕ್ಸ್‌ಫರ್ಡಿನಲ್ಲಿ ಇನ್ಸುಲಿನ್ ಸ್ಫಟಿಕದ ಮೊದಲನೆಯ ಕ್ಷ-ಕಿರಣ ಚಿತ್ರವನ್ನು ತೆಗೆದು, ಆನಂದವನ್ನು ತಡೆಯಲಾರದೆ ಊರಿನ ಬೀದಿಗಳಲ್ಲಿ ತಿರುಗಾಡಿದರಂತೆ. ಆದರೆ ಆ ಚಿತ್ರದ ಒಗಟನ್ನು ಬಿಡಿಸಿದುದು 1969 ರಲ್ಲಿ. ನಡುವೆ ಮೂವತ್ತನಾಲ್ಕು ವರ್ಷಗಳು! ಈ ಅವಧಿಯಲ್ಲಿ ಅವರಿಗೆ ವಿವಾಹವಾಯಿತು, ಮೂವರು ಮಕ್ಕಳಾದರು. ತಾರುಣ್ಯದಲ್ಲಿಯೇ ಅಂಟಿದ ಸಂಧಿವಾತದಿಂದ ಕೈಬೆರಳುಗಳು ಸೊಟ್ಟಗಾದುವು. ಪೆನಿಸಿಲಿನ್, ಬಿ12 ಜೀವಸತ್ವ ಮೊದಲಾದ ವಸ್ತುಗಳ ರಚನೆಯನ್ನು ತಿಳಿಸಿದುದಕ್ಕಾಗಿ 1964 ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಅವರು ಇನ್ಸುಲಿನ್ನನ್ನು ಮಾತ್ರ ಕೈಬಿಡಲಿಲ್ಲ.

ಇದು ಒಬ್ಬರೇ ಮಾಡಿದ ಕಾರ್ಯವೂ ಅಲ್ಲ. ಮಾಲೆಗಳಲ್ಲಿನ ಘಟಕಗಳ ಕ್ರಮವನ್ನು ಕೇಂಬ್ರಿಜ್ಜಿನ ಸ್ಯಾಂಗರರು ಅದಕ್ಕೆ ಮುಂಚೆಯೇ ಕಂಡುಹಿಡಿದಿದ್ದರು. ಹಾಡ್ಜ್‌ಕಿನ್ನರ ಬಳಗದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತುಹೋದ ಎಂ. ವಿಜಯನ್ನರೂ ಇದ್ದರು, ಅವರು ಅದೇ ಸಂಸ್ಥೆಗೆ ಹಿಂದಿರುಗಿ, ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಬೆಳೆಯಿಸಿದರು. ಚೀನಾದ ವಿಜ್ಞಾನಿಗಳು ಸ್ವತಂತ್ರವಾಗಿ ಇದೇ ರಚನೆಯನ್ನು ಕಂಡುಕೊಂಡಾಗ ಹಾಡ್ಜ್‌ಕಿನ್ನರು ಅಸೂಯೆಪಡಲಿಲ್ಲ. 1972 ರಲ್ಲಿ ಜಪಾನಿನ ಕ್ಯೋಟೋ ನಗರದ ವಿದ್ವತ್ಸಭೆಯಲ್ಲಿ ಅವರ ಸಾಧನೆಯನ್ನು ತಾವೇ ಸಾರಿದರು. “ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ” ಎಂಬ ನಮ್ಮವರ ಗಾದೆಯು ಈ ವಿದ್ವಾಂಸರ ಸಮಾಜಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಪ್ರಯೋಗಶಾಲೆಗೆ ಹೋದ ಹೆಣ್ಣುಮಕ್ಕಳೆಲ್ಲರೂ ಹಾಡ್ಜ್‌ಕಿನ್ನರಾಗುವರೆಂದು ನಾನು ಹೇಳುವುದಿಲ್ಲ. ಹಲವರ ಪಾಲಿಗೆ ಮಾಲೆಯ ಒಂದೇ ಹೂವು ಬಂದೀತು. ಆದರೆ ಆ ಹೂವಿಲ್ಲದೆ ಮಾಲೆಯು ಪೂರ್ಣವಾಗದು. ಗಂಡುಮಗನು ಹತ್ತು ವರ್ಷ ಸಂಶೋಧನೆ ಮಾಡಿದರೆ ಅದನ್ನು ಪಾಂಡಿತ್ಯವೆಂದು ಹೊಗಳುವ ನಾವು, ಮಗಳು ಹಾಗೆಯೇ ಮಾಡಿದರೆ ಕಾಲಹರಣವೆಂದೆಣಿಸುವುದು ನ್ಯಾಯವೇ? ಅವಳನ್ನು ಪದವಿಯವರೆಗೆ ಓದಿಸಿ, ಫಲ ಕಾಣುವ ಮೊದಲೇ ಹಿಂದಕ್ಕೆ ಕರೆದುಕೊಳ್ಳುವುದು, ಬಿತ್ತಿ ನೀರೆರೆದ ಪೈರನ್ನು ತೆನೆ ಬರುವ ಮುನ್ನವೇ ಕಿತ್ತಂತೆ ಎಂಬುದು ನನ್ನ ದೃಢವಾದ ಅಭಿಪ್ರಾಯವು.

ತಾಯಿತಂದೆಗಳೇ, “ಮುಗಿಯುವುದೆಂದಿಗೆ?” ಎಂದು ಕೇಳುವ ಬದಲು, “ಇಂದು ಏನನ್ನು ಕಂಡೆ, ಮಗಳೇ?” ಎಂದು ಕೇಳಿರಿ. ವಿಜ್ಞಾನದಲ್ಲಿ ಪರಿಶ್ರಮವುಳ್ಳ ಹಿಂದಿನ ವಿದ್ಯಾರ್ಥಿನಿಯರೇ, ವರ್ಷಕ್ಕೊಂದು ದಿನವಾದರೂ ಈ ಶಾಲೆಗೆ ಬಂದು, ನಿಮ್ಮ ಕೆಲಸವನ್ನು ಚಿಕ್ಕವರಿಗೆ ತಿಳಿಯಹೇಳಿರಿ. ಒಬ್ಬ ತಾಯಿಯು ಕೊಟ್ಟ ಒಂದು ಪುಸ್ತಕದಿಂದ ಎಷ್ಟಾಯಿತೆಂಬುದನ್ನು ನೋಡಿದೆವಷ್ಟೆ.