ಕೋಳಿ ನುಚ್ಚು ರಾತ್ರಿ ಹಿತ್ತಲಲ್ಲಿ ಯಾಕೆ?

ಕೋಳಿಗೆ ಹಾಕಿದ ನುಚ್ಚು, ತೌಡು ರಾತ್ರಿ ಹಂಗೇ ಬಿಟ್ಟು, ಬೆಳಗಾದ್ಮೇಲೆ ಕಾಡುಪ್ರಾಣಿ ಕಾಟ ಅಂತ ಬೈಯೋದು ನಂಗೆ ಸರಿ ಕಾಣಲ್ಲ ಕಣ್ರೇ. ಶೆಟ್ಟಿಹಳ್ಳಿ ಅಭಯಾರಣ್ಯದ ಮಗ್ಗುಲಲ್ಲಿ ಇರೋರು ನಾವು. ಇದು ಕೋಳಿ ಪಾಲು, ಮುಟ್ಟಬಾರದು ಅಂತ ಕಾಡಂದಿಗೆ ಗೊತ್ತಾಗತ್ತಾ? ನುಚ್ಚಿಗೆ ಹೆಗ್ಗಣ ಬರತ್ತೆ, ಹೆಗ್ಗಣದ ಹಿಂದೆ ಹಾವು. ಪುನುಗು ಬೆಕ್ಕಂತೂ ಕೋಳಿಗೇ ಕೈ ಹಾಕತ್ತೆ.

ನಂಗೆ ಸಿಟ್ಟು ಬರೋದು ಬೇಲಿಗೆ ಕರೆಂಟ್ ಕೊಡೋರ ಮೇಲೆ. ಕೇಳಿದ್ರೆ ‘ಹಂದಿಗೆ ಅಂತ ಇಟ್ಟಿದ್ದು’ ಅಂತಾರೆ. ತಂತಿಗೆ ಹಂದಿ ಯಾವುದು, ಆನೆ ಯಾವುದು? ನಮ್ಮ ಬಿಡಾರದ ಆನೆಗಳನ್ನ ಸಂಜೆ ಮೇಯಕ್ಕೆ ಕಾಡಿಗೆ ಬಿಡ್ತಾರೆ, ಬೆಳಿಗ್ಗೆ ಮಾವುತರು, ಕಾವಾಡಿಗಳು ಹುಡುಕ್ಕೊಂಡು ಕರ್ಕೊಂಡು ಬರ್ತಾರೆ. ನಸುಕಲ್ಲಿ ಸೊಪ್ಪಿಗೆ, ಸೌದೆಗೆ ಅಂತ ಬೇಲಿ ಬದಿಗೆ ಹೋಗೋರೂ ನಾವು ಹೆಂಗಸ್ರೇ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸು ಬೀಳತ್ತೆ ಅನ್ನೋದು ಆಮೇಲಿನ ಮಾತು, ಹೋದ ಜೀವ ಯಾರು ತಂದ್ಕೊಡ್ತಾರೆ? ತೌಡಿಗೆ ವಿಷ ಕಲಸೋದೂ ಅಷ್ಟೇ. ಮೊದಲು ಸಾಯೋದು ಮನೆ ನಾಯಿ, ಬೆಕ್ಕು.

ಅಲ್ಲಾ, ಕೋಳಿಗೆ ಕತ್ತಲಲ್ಲಿ ಕಣ್ಣೇ ಸರಿ ಕಾಣಲ್ಲ. ಗೂಡು ಸೇರಿದ ಮೇಲೆ ಅದು ತಿನ್ನಲ್ಲ. ಮತ್ತೆ ರಾತ್ರಿಯೆಲ್ಲ ನುಚ್ಚು ಯಾರಿಗೆ? ಬೆಳಕಿರುವಾಗ್ಲೇ ತಿನ್ನುವಷ್ಟು ಹಾಕಿ. ಉಳಿದಿದ್ದು ಗುಡಿಸಿ, ಮುಚ್ಚಳ ಬಿಗಿ ಇರೋ ಡಬ್ಬಕ್ಕೆ ತುಂಬಿ ಒಳಗಿಡಿ. ಧಾರಾವಾಹಿ ಶುರುವಾಗೋ ಮುಂಚೆ ಮುಗಿಯೋ ಕೆಲಸ. ಗೂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಹಲಸಿನ ಕಾಲದಲ್ಲಿ ಸಿಪ್ಪೆನೂ ಹಿತ್ತಲಿಗೆ ಎಸೀಬೇಡಿ, ಅದರ ವಾಸನೆಗೆ ಬರೋದು ಹಂದಿ ಒಂದೇ ಅಲ್ಲ.